ಗೋಡೆ ಪಕ್ಕ ಓಡಿಸಿ

ನನ್ನ ಆಲ್ಟೋಗೆ ಬ್ರೇಕು ಎರಡು.
ಒಂದು ಕಲಿಯುವವರ ಕಾಲಿಗೆ, ಇನ್ನೊಂದು ನನ್ನ ಭಯಕ್ಕೆ.
ಹನ್ನೊಂದು ವರ್ಷ ಎಡಗಡೆ ಕೂತು
ಈ ಊರನ್ನು ಬಲಗಾಲಿನ ಹೆಬ್ಬೆರಳಲ್ಲಿ ತಡೆದಿದ್ದೇನೆ.

ಸದ್ದು ಮೊದಲು ಕೇಳಿಸಿದ್ದು ನನಗಲ್ಲ,
ಮುನಿಲಕ್ಷ್ಮಮ್ಮನಿಗೆ. ಐವತ್ತೆರಡು ವಯಸ್ಸು,
ಆಡುಗೋಡಿಯಲ್ಲಿ ರವಿಕೆ ಹೊಲಿಯುತ್ತಾರೆ,
ಕ್ಲಚ್ಚನ್ನೂ ಹೊಲಿಗೆ ಮೆಷೀನಿನ ಹಾಗೇ ತುಳಿಯುತ್ತಾರೆ.
"ಬಾಬಿನ್ ಕೇಸು ಸಡಿಲಾದ್ರೆ ಹಿಂಗೇ ಅಳತ್ತೆ ಮೇಡಂ."
ನಾನು ನಕ್ಕೆ. ಸೆಕೆಂಡ್ ಗೇರ್ ಹಾಕಿ, ಅಂದೆ.

ಲಕ್ಕಸಂದ್ರದ ದಸ್ತಗೀರ್ ಸಾಬರು ನಗಲಿಲ್ಲ.
"ತುಳಿದಾಗಲೋ, ಬಿಟ್ಟಾಗಲೋ?
ತಿರುವಲ್ಲೋ, ನೇರಕ್ಕೋ?
ಬೆಳಿಗ್ಗೆ ಮೊದಲ ಸಲವೋ, ಕಾದ ಮೇಲೋ?"
ಡಾಕ್ಟರೂ ನನ್ನನ್ನು ಇಷ್ಟು ಕೇಳಿದ್ದಿಲ್ಲ.
ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಹತ್ತಿರ ಇತ್ತು:
"ಎಡಕ್ಕೆ ತಿರುಗಿದ್ರೆ ಜಾಸ್ತಿ. ತುಳಿದ್ರೆ ನಿಂತೋಗತ್ತೆ."

ರೇಡಿಯೋ ಬಂದ್. ಗಾಜು ಕೆಳಗೆ.
ಸಾಬರು ನನ್ನ ಸೀಟಿನಲ್ಲಿ, ನಾನು ಹಿಂದೆ;
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕಾಲಡಿ ಬರೀ ರಬ್ಬರ್ ಮ್ಯಾಟು.
ಹೊಸೂರು ರಸ್ತೆ, ಸಮಾಧಿಗಳ ಉದ್ದನೆ ಕಾಂಪೌಂಡು.
"ಗೋಡೆ ಪಕ್ಕ ಓಡಿಸಿ ಅಮ್ಮ,
ನಮಗೆ ಕೇಳದ್ದನ್ನ ಗೋಡೆ ವಾಪಸ್ ಹೇಳುತ್ತೆ."
ಕಣ್ಣು ಮುಚ್ಚಿ ಕೂತರು.
ಆ ಕಡೆ ಕಲ್ಲಿನ ಶಿಲುಬೆಗಳು,
ಈ ಕಡೆ ಬಿಎಂಟಿಸಿ, ನೀರಿನ ಟ್ಯಾಂಕರು, ದಾರಿ ಕೇಳುವ ಆಂಬುಲೆನ್ಸು,
ನಡುವೆ ನಮ್ಮದು
ಕಿರ್ರ್
ಕಿರ್ರ್
ತೆಂಗಿನ ಚಿಪ್ಪಿನ ತಳಕ್ಕೆ ತುರಿಮಣೆ ತಾಕಿದ ಹಾಗೆ.
"ಪ್ಯಾಡಲ್ಲ. ಪ್ಯಾಡು ತುಳಿದಾಗ ಕೂಗುತ್ತೆ."

ಗ್ಯಾರೇಜಿನಲ್ಲಿ ಎಡ ಮುಂಚಕ್ರ ಕಳಚಿದರು.
ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ
ಹುಣಸೆಬೀಜದಷ್ಟು ಜಲ್ಲಿಕಲ್ಲು.
ಇಷ್ಟೇನಾ, ಅಂದೆ, ಪರ್ಸು ತೆಗೆಯುತ್ತ.

ಕೈ ಹೊರಗೆಳೆಯುವಾಗ ಸಾಬರ ಬೆರಳು ಒದ್ದೆ.
ಮೂಸಿ ನೋಡಿದರು. ಟಾರ್ಚು ಹಾಕಿದರು.
ಬ್ರೇಕಿನ ಪೈಪು, ಬೇಸಿಗೆಯ ಹಿಮ್ಮಡಿಯಂತೆ ಬಿರಿದು,
ಬಿರುಕಿನ ತುದಿಯಲ್ಲಿ ಬೀಳಲು ಅವಸರವಿಲ್ಲದ ಒಂದು ಹನಿ.
"ಇದು ಎಷ್ಟು ದಿನದಿಂದ?"
"ಇದು ಕೂಗೋದಿಲ್ಲ ಮೇಡಂ."

ಪೆಡಲು ದಿನಕ್ಕೊಂದು ನೂಲೆಳೆ ಇಳಿಯುತ್ತಿತ್ತು.
ನನ್ನ ಕಾಲೂ ಇಳಿಯುತ್ತಿತ್ತು ಜೊತೆಗೆ,
ನನಗೊಂದು ಮಾತು ಹೇಳದೆ.

ಬಿಲ್ಲಿನಲ್ಲಿ ಪೈಪು, ಆಯಿಲು, ಕೂಲಿ.
ಕಲ್ಲಿಗೆ ಏನೂ ಹಾಕಿರಲಿಲ್ಲ. ಅದನ್ನು ಮುನಿಲಕ್ಷ್ಮಮ್ಮ
ಸೆರಗಿನ ತುದಿಗೆ ಗಂಟು ಹಾಕಿಕೊಂಡರು,
ಗುಂಡಿ ಡಬ್ಬದಲ್ಲಿಡುತ್ತಾರಂತೆ.

ಆಡುಗೋಡಿ ಸಿಗ್ನಲ್ಲು ಕೆಂಪಾಯಿತು.
ಅವರು ತುಳಿದರು.
ಅಭ್ಯಾಸ, ನಾನೂ ತುಳಿದಿದ್ದೆ.
ಕಾರು ಗಕ್ಕನೆ ನಿಂತಿತು, ಇಬ್ಬರ ಹಣೆಯೂ ಮುಂದಕ್ಕೆ.
ಹಿಂದಿನ ಆಟೋದವನು ಬೈದದ್ದು
ಒಂದಕ್ಷರ ಬಿಡದೆ ಕೇಳಿಸಿತು.