ತಾರೀಖು

"ಕಡೆಯ ಸಲ ಬೆದೆಗೆ ಬಂದದ್ದು ಯಾವಾಗ?"
ಶಿಡ್ಲಘಟ್ಟದ ಪಶು ಆಸ್ಪತ್ರೆಯಲ್ಲಿ
ಡಾಕ್ಟರಮ್ಮ ಪೆನ್ನು ಎತ್ತಿ ಹಿಡಿದು ಕಾಯುತ್ತಾರೆ.
ತಾರೀಖು ನನಗೆಲ್ಲಿ ಗೊತ್ತು?
ಗೂಡಿನ ರೇಟು ಬಿದ್ದ ವಾರ, ಅಂದೆ.
ಯಾವ ಸಲ ಬಿದ್ದದ್ದು, ಅಂದರು.

ನಮ್ಮ ಚಿಗಳಿ, ಎಳ್ಳುಂಡೆ ಬಣ್ಣದವಳು,
ನೂಲು ಬಿಚ್ಚುವ ಬಾಣಲೆಯ ಬಿಸಿಗೆ ಬೆನ್ನು ಕೊಟ್ಟು
ಬೆಂದ ಹುಳದ ವಾಸನೆಯಲ್ಲೇ ಬೆಳೆದವಳು,
ಮೇಜಿನ ಕಾಲಿಗೆ ಮೂಗು ಒತ್ತಿ ನಡುಗುತ್ತಾಳೆ.

ಹೋದ ಸಲ ಒಂಬತ್ತು ರಾತ್ರಿ
ಗೇಟಿನಾಚೆ ಊರ ಗಂಡುಗಳ ಸಂತೆ.
ಮುನಿವೆಂಕಟಮ್ಮ ಗೋಡೆ ಮೇಲಿಂದ
"ಏಮಮ್ಮಾ, ನಿದ್ದೆ ಬೇಡ್ವಾ ನಮಗೆ" ಅಂತ
ಚೊಂಬು ಚೊಂಬು ನೀರು ಎರಚಿದಳು.
ಔಷಧಿ ಅಂಗಡಿ ಹುಡುಗ ಹೇಳಿದ್ದ:
ಒಂದು ಸೂಜಿ ಅಕ್ಕ, ಆರು ತಿಂಗಳು ತಂಟೆಯಿಲ್ಲ.
ಆ ಸೀಸೆಯನ್ನೇ ಸೆರಗಿಗೆ ಕಟ್ಟಿ ತಂದಿದ್ದೆ.

ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದರು, ಕೆಳಗಿಟ್ಟರು.
ಬೆದೆಯಲ್ಲಿರುವಾಗ ಬೇಡ,
ಮುಗಿದ ಕೂಡಲೇನೂ ಬೇಡ, ಎರಡು ತಿಂಗಳು ಕಳೆಯಲಿ.
ಒಳಗೆ ಮರಿ ಇಲ್ಲವೆಂದು ಗಟ್ಟಿಯಾಗಲಿ.
ಗಂಟಿದ್ದರಂತೂ ಮುಟ್ಟಲೇಬಾರದು.
ಬೆರಳು ಮೊಲೆಯಿಂದ ಮೊಲೆಗೆ ನಡೆಯಿತು
ಗೂಡು ಒತ್ತಿ ನೋಡುವ ವ್ಯಾಪಾರಿಯ ಹಾಗೆ.

ಹೋದ ತಿಂಗಳು ಜಂಗಮಕೋಟೆಯಿಂದ ಒಂದು ಬಂತು.
ಮೂರು ಸೂಜಿ, ಯಾರು ಹಾಕಿದರೋ, ಯಾವಾಗಲೋ.
ಗರ್ಭಕೋಶ ಬಿಚ್ಚಿದರೆ ಬರೀ ಕೀವು, ಬಕೆಟ್ಟು…
ಅಷ್ಟಕ್ಕೇ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.
ಮರಿ ಬೇಡವೇ ಬೇಡ ಅಂದರೆ ಆಪರೇಷನ್ನೇ ವಾಸಿ.

ತೂಕದ ಕಲ್ಲಿನ ಮೇಲೆ ಇವಳು ನಿಲ್ಲಳು.
ಎತ್ತಿಕೊಂಡು ನಾನೇ ನಿಂತೆ.
ಆಮೇಲೆ ಇಳಿಸಿ ಬರೀ ನಾನು.
ಕಳೆದರೆ ಹದಿನಾಲ್ಕು ಕೆಜಿ ಅವಳದು.
ನನ್ನ ತೂಕ ನಾನು ನೋಡಿದ್ದು
ಕಿರಿಯವನ ಬಾಣಂತನದ ನಂತರ ಇದೇ ಮೊದಲು.

ನಾದಿನಿಯ ಗೃಹಪ್ರವೇಶಕ್ಕೆ ಮುಟ್ಟು ಮುಂದೂಡಲು
ನಾನೂ ನುಂಗಿದ್ದೆ, ಎಂಟು ದಿನ, ಎರಡು ಹೊತ್ತು.
ಅದೇ ಅಂಗಡಿ. ಅವತ್ತು ಅವನು
ಕೇಳಿದ್ದು ಒಂದೇ ಪ್ರಶ್ನೆ:
ಚಿಲ್ಲರೆ ಇದೆಯಾ?

ಸೀಸೆ ಅಲ್ಲೇ ಬಿಟ್ಟು ಬಂದೆ.
ರೀಲರ್ಸ್ ಸಂಘದ ಕ್ಯಾಲೆಂಡರಿನಲ್ಲಿ
ನನ್ನ ಸೊನ್ನೆಗಳ ಪಕ್ಕ ಈಗ ಅವಳದೊಂದು ಗುರುತು,
ಅಂದಾಜಿನದು, ಪೆನ್ಸಿಲಿನಲ್ಲಿ.

ನೀರು ಜಾಸ್ತಿ ಕುಡಿದರೆ, ಊಟ ಬಿಟ್ಟರೆ,
ಹಗಲೋ ರಾತ್ರಿಯೋ ನೋಡದೆ ಕರೆತನ್ನಿ, ಅಂದಿದ್ದಾರೆ.
ಬಾಣಲೆ ಆರಿದ ಮೇಲೆ ಕತ್ತಲಲ್ಲಿ
ಲೊಚ ಲೊಚ ಸದ್ದು ಶುರುವಾಗುತ್ತದೆ.
ಮಲಗಿದಲ್ಲೇ ಎಣಿಸುತ್ತೇನೆ.
ಹನ್ನೊಂದು, ಹನ್ನೆರಡು.
ನಿಂತಿತು.