ಪೆನ್ಸಿಲ್ ಚುಕ್ಕಿ

ಬ್ಯಾಡಗಿಯಲ್ಲಿ ಸೋಮವಾರವೆಂದರೆ
ಗಾಳಿಗೇ ಘಾಟು.
ಮೋಟೆಬೆನ್ನೂರು ರಸ್ತೆಯಿಂದ ಲಾರಿಗಳು ಒಳಬಂದಂತೆ
ಎಂಟನೆಯ ‘ಬ’ ವರ್ಗ ಸೀನತೊಡಗುತ್ತದೆ,
ಮುಂದಿನ ಬೆಂಚಿನಿಂದ ಹಿಂದಕ್ಕೆ,
ಮಗ್ಗಿ ಒಪ್ಪಿಸಿದ ಹಾಗೆ ಸಾಲಾಗಿ.

ನಾನು ಫೋನು ಹಿಡಿದು ನಿಲ್ಲುತ್ತೇನೆ.
ಈ ವರ್ಷದಿಂದ ಹೆಸರು ಕೂಗುವಂತಿಲ್ಲ.
ಒಬ್ಬೊಬ್ಬರಾಗಿ ಮುಖ ತೋರಿಸಬೇಕು, ಕಣ್ಣು ಮಿಟುಕಿಸಬೇಕು.
ಫೋಟೊ ಅಲ್ಲ, ಜೀವ ಇದೆ ಎಂಬುದಕ್ಕೆ
ಅದೇ ಸಾಕ್ಷಿಯಂತೆ.
ಇಡೀ ಊರೇ ಕಣ್ಣು ಮಿಟುಕಿಸುವ ಊರಲ್ಲಿ!

ಮಾಲತೇಶ ಬಾರ್ಕಿ ಮಿಟುಕಿಸಿದ. ಹಸಿರು ಗೆರೆ.
ಹಸೀನಾ ಮಿಟುಕಿಸಿದಳು. ಹಸಿರು.
ಅವಳ ಅವಳಿ ರುಬೀನಾ ಬಂದು ನಿಂತರೆ
‘ಹಾಜರಿ ಆಗಲೇ ದಾಖಲಾಗಿದೆ’ ಅಂದಿತು.
‘ಹಂಗಾರ ನಾ ಇಲ್ಲೇನ್ರಿ ಟೀಚರ್?’
ವರ್ಗವೆಲ್ಲ ನಕ್ಕಿತು, ನಾನೂ.
ರುಬೀನಾಳ ಎಡ ಹುಬ್ಬಿನಲ್ಲಿ
ನಳದ ಕಟ್ಟೆ ಬಡಿದ ಗುರುತಿದೆ. ನನಗೆ ಗೊತ್ತು.

ಹಳೆಯ ಹಾಜರಿ ಪುಸ್ತಕವನ್ನು ಹೊಗಳಲು ಹೊರಟಿಲ್ಲ.
ಬಿಸಿಯೂಟದ ಅಕ್ಕಿಗೆ ಲೆಕ್ಕ ಕೂಡದ ದಿನ
ಹೆಡ್‌ಮಾಸ್ತರರು ಒಮ್ಮೆ ಕೆಮ್ಮಿದರೆ ಸಾಕು,
ನನ್ನ ಪೆನ್ನಿನಿಂದ ನಾಲ್ಕು ಮಕ್ಕಳು ಹುಟ್ಟುತ್ತಿದ್ದರು,
ಉಂಡು ಕೈ ತೊಳೆದು ಮಾಯವಾಗುತ್ತಿದ್ದರು.
ಫೋನಿಗೆ ಕೆಮ್ಮು ಕೇಳಿಸುವುದಿಲ್ಲ.
ಒಳ್ಳೆಯದೇ ಆಯಿತು.

ಆದರೆ ಅದರಲ್ಲೊಂದು ಚುಕ್ಕಿ ಇತ್ತು.
‘ಹಾ’ ಅಲ್ಲ, ‘ಗೈ’ ಅಲ್ಲ,
ಇನ್ನೂ ಬರಬಹುದು ಎನ್ನುವ ಮಗುವಿಗೆ
ಚೌಕದ ಮೂಲೆಯಲ್ಲಿ ಪೆನ್ಸಿಲಿನಿಂದ ಇಟ್ಟ
ಸಾಸಿವೆ ಕಾಳು.
ಹನ್ನೊಂದಕ್ಕೆ ಬಂದರೆ ಅಳಿಸಿ ‘ಹಾ’ ಬರೆಯುತ್ತಿದ್ದೆ,
ಬಾರದಿದ್ದರೆ ಬಿಡುವಿನಲ್ಲಿ ಓಣಿಗೆ ಯಾರನ್ನಾದರೂ ಅಟ್ಟುತ್ತಿದ್ದೆ.
ಇಪ್ಪತ್ತಾರು ವರ್ಷದಲ್ಲಿ ನಾನು ಬರೆದದ್ದರಲ್ಲಿ
ಸುಳ್ಳಾಗಲಿ ನಿಜವಾಗಲಿ ಅಲ್ಲದ್ದು ಅದೊಂದೇ.

ಹೋದ ವರ್ಷದ ಚುಕ್ಕಿಗಳು ಹೆಚ್ಚುಕಡಿಮೆ ಎಲ್ಲವೂ
ಕರಿಬಸಮ್ಮ ಓಲೇಕಾರಳವು.
ಸೋಮವಾರ, ಗುರುವಾರ, ನಸುಕಿನಲ್ಲೆದ್ದು
ಅವ್ವನ ಸಂಗಡ ದಲಾಲರ ಅಂಗಡಿಯ ಹಿಂದೆ
ಕಾಯಿಯ ತೊಟ್ಟು ಮುರಿಯುತ್ತಾಳೆ,
ಕೆಜಿಗಿಷ್ಟು ಎಂದು.

ಹತ್ತೂ ಹದಿನೈದಕ್ಕೆ ಫೋನು ಬಾಗಿಲು ಹಾಕಿಕೊಳ್ಳುತ್ತದೆ.
ಹತ್ತೂ ಹನ್ನೆರಡಕ್ಕೆ ಓಡಿ ಬಂದಳು,
ಉಗುರೆಲ್ಲ ಕೆಂಪು, ಕಣ್ಣು ಊದಿ ಎರಡು ಗೀರು.
ಹಿಡಿದೆ. ‘ಮುಖ ಹೊಂದಿಕೆಯಾಗುತ್ತಿಲ್ಲ.’
ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದೆ.
‘ಕಣ್ಣು ತೆರೆಯಿರಿ.’
ರೆಪ್ಪೆಯನ್ನು ಬೆರಳಿನಿಂದ ಬಿಡಿಸಲು ಹೋದಳು,
ಆ ಬೆರಳಿನಿಂದ ಬ್ಯಾಡವೇ ಎಂದು ಕೈ ಹಿಡಿದುಕೊಂಡೆ.

ಅವಳು ಬಗ್ಗಿ ಫೋನಿನ ಕಣ್ಣನ್ನೇ ನೋಡಿದಳು.
‘ಟೀಚರ್, ಇದರ ಕಣ್ಣಾಗೂ ಖಾರ ಬಿದ್ದೈತ್ರಿ.’
ವೇಲಿನ ತುದಿ ಉಂಡೆ ಮಾಡಿ
ಬಾಯಿಗಿಟ್ಟು, ಹಾ ಎಂದು ಬಿಸಿ ಉಸಿರೂದಿ,
ಗಾಜಿಗೆ ಮೆತ್ತಗೆ ಒತ್ತಿದಳು,
ತಮ್ಮನ ಕಣ್ಣಿಗೆ ಒತ್ತುವಂತೆ.
ಹಾ. ಮತ್ತೊಮ್ಮೆ, ಹಾ.
‘ಈಗ ನೋಡ್ರಿ.’

ಹತ್ತೂ ಹದಿನಾರು.
ಕೂಡು ಹೋಗು ಅಂದೆ.
ಕೊನೆಯ ಬೆಂಚಿನಲ್ಲಿ ಕುಳಿತು ವೇಲು ಕೊಡವಿದಳು,
ಸೀನು ಅಲ್ಲಿಂದ ಮತ್ತೆ ಹೊರಟಿತು,
ಈ ಸಲ ಹಿಂದಿನಿಂದ ಮುಂದಕ್ಕೆ,
ಸಾಲಾಗಿ, ಒಬ್ಬರನ್ನೂ ಬಿಡದೆ,
ನನ್ನವರೆಗೆ.