ಒಂದೇ ಸಾಲಿಗೆ ಜಾಗ

ವೆಸ್ಟ್ರಿಯ ಗೋಡೆಯ ತೇಗದ ಹಲಗೆಯಲ್ಲಿ
ಮೂವತ್ತೊಂದು ಹೆಸರು, ಬಿಳಿ ಬಣ್ಣದಲ್ಲಿ, ಇಸವಿ ಸಮೇತ.
ಮೊದಲ ಐದು ದೊರೆಗಳವು. ನಾಲಿಗೆ ಹೊರಳದೆ
ನಮ್ಮ ಮುತ್ತಜ್ಜಂದಿರು ಉದ್ದ ದೊರೆ, ಕೆಮ್ಮು ದೊರೆ,
ಕುದುರೆ ದೊರೆ ಎಂದು ಕರೆದು ಕೈತೊಳೆದುಕೊಂಡರು.
ಆಮೇಲೆ ನಮ್ಮವರು: ಜ್ಞಾನಮಿತ್ರ, ಸತ್ಯವೀರ, ದೇವಸಹಾಯ...
ಮೂರು ವರ್ಷ, ಐದು ವರ್ಷ,
ಒಬ್ಬರಂತೂ ಏಳೇ ತಿಂಗಳು; ಯಾಕೆ ಎಂದರೆ
ಕಮಿಟಿಯ ನಡಾವಳಿ ಪುಸ್ತಕವೂ ಬಾಯಿ ಬಿಡುವುದಿಲ್ಲ.

ಮಂಡ್ಯಕ್ಕೆ ಬಂದ ಯಾವ ಅಯ್ಯನೋರ ಮನೆಯಾಕೆಯಾದರೂ
ಮೊದಲ ವಾರ ಕೇಳುವುದು ಒಂದೇ ಮಾತು:
‘ಇದೇನಮ್ಮ ವಾಸನೆ?’
ಕಾರ್ಖಾನೆ ಕಬ್ಬು ಅರೆಯುತ್ತಿದೆ, ಅಷ್ಟೆ, ಅನ್ನುತ್ತೇವೆ.
ಮೂಗಿಗೆ ಅದು ರೂಢಿಯಾಗಿ, ತಿಳಿಯದೇ ಹೋದ ದಿನ
ಮೇಲಿನಿಂದ ವರ್ಗದ ಕಾಗದ ಬರುತ್ತದೆ.
ಟೆಂಪೋದಲ್ಲಿ ಮಂಚ, ಬೀರು, ಪುಸ್ತಕದ ಪೆಟ್ಟಿಗೆ ಹೋಗುತ್ತವೆ;
ಗಿಡಗಳು ಹೋಗುವುದಿಲ್ಲ.
ಬಂಗಲೆಯ ಹಿತ್ತಲಲ್ಲಿ ನುಗ್ಗೆ ಸತ್ಯವೀರರ ಕಾಲದ್ದು,
ಕರಿಬೇವು ಸುಗುಣಾಬಾಯಿ ನೆಟ್ಟಿದ್ದು,
ಆ ಏಳು ತಿಂಗಳಿನವರದ್ದು ಒಂದು ದಾಳಿಂಬೆ,
ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ.

‘ಅಯ್ಯನೋರ್ಗೆ ವರ್ಗ, ನಮ್ಗೆ ಸ್ವರ್ಗ,
ಒಂದು ಸ ನಮ್ಗೇ ಹೆಚ್ಚು ಕಣವ್ವ’ ಎಂದು ನಗುತ್ತಿದ್ದಳು
ಗಂಟೆಯ ದೊರ್ಕಮ್ಮ.
ಈ ವರ್ಷ ಅವಳಿಗೆ ಆ ಅಕ್ಷರ ಸಿಕ್ಕಿತು.

ವರ್ಷಾಂತ್ಯದ ವರದಿ ತುಂಬುತ್ತಿದ್ದೇನೆ.
ಪಟ್ಟಣವೂ ಸೇರಿ ಏಳು ಸಭೆ. ಖಾನೆಗಳು:
ದೀಕ್ಷಾಸ್ನಾನ, ಮದುವೆ, ಬೇರೆಡೆಗೆ ಹೋದವರು,
ಪ್ರಭುವಿನಲ್ಲಿ ನಿದ್ರೆಹೋದವರು.
ಕೊನೆಯ ಖಾನೆಗೆ ಅಂಕಿ ಸಾಕು, ಹೆಸರು ಬೇಡವಂತೆ.
ನಾಲ್ಕು, ಎಂದು ಬರೆದೆ.

ನಾಲ್ಕರೊಳಗೆ ನವೋಮಿ ಸಿಸ್ಟರ್ ಹೇಗೆ ಹಿಡಿಸುತ್ತಾರೆ?
ಅರ್ಧ ಸಭೆಗೆ ಮೊದಲ ಪೆಟ್ಟು ಕೊಟ್ಟು ಅಳಿಸಿದ ಕೈ;
ಪ್ರಸಂಗದ ನಡುವೆ ತಿರುಗಿ ನಮ್ಮನ್ನೆಲ್ಲ ನೋಡುವರು,
ತೂಕ ಸರಿಯಿದೆಯೇ ಎನ್ನುವ ಹಾಗೆ.
ಸಮಾಧಾನಪ್ಪ ಮೇಷ್ಟ್ರ ಹಾರ್ಮೋನಿಯಂ
ಮೂರನೇ ಚರಣಕ್ಕೆ ಬಂದರೆ ಎತ್ತಿನ ಗಾಡಿ ಏರು ಹತ್ತಿದಂತೆ;
ಈಗ ಕೀಬೋರ್ಡಿನ ಹುಡುಗ ತಾಳ ತಪ್ಪದೆ ನುಡಿಸಿದರೂ
ನಾವು ಅಲ್ಲೇ ನಿಧಾನಿಸಿ, ಹಿಂದೆ ಬೀಳುತ್ತೇವೆ.
ನಾಲೆಯಾಚೆಯ ಯೋಬಣ್ಣ
ಸುಗ್ಗಿ ಹಬ್ಬಕ್ಕೆ ತಾನೇ ಹೊತ್ತು ತಂದ ಕುಂಬಳಕಾಯಿಯನ್ನು
ಹರಾಜಿನಲ್ಲಿ ತಾನೇ ಕೂಗಿ,
ಬೇರೆ ಯಾರೂ ಏರಿಸದಿದ್ದರೆ ತನ್ನ ಮೇಲೆ ತಾನೇ ಏರಿಸಿ,
ಆರುನೂರಕ್ಕೆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದ.

ನಿನ್ನೆ ಹೊಸ ಅಯ್ಯನೋರು, ಪ್ರಸನ್ನ ಸಾಲಿನ್ಸ್,
ಕರಾವಳಿಯ ಪುಸ್ತಕದ ಕನ್ನಡದಲ್ಲಿ
ತೀರಿಕೊಂಡವರ ಹೆಸರು ಓದಿದರು: ‘ಶ್ರೀಮಾನ್ ಯೋಬ ಅವರು.’
ಹಿಂದಿನ ಬೆಂಚಿನಿಂದ ಯಾರೋ: ‘ಯೋಬಣ್ಣ.’
ಕಿಟಕಿಯ ಪಕ್ಕದಿಂದ: ‘ಯೋಬಣ್ಣ, ಅಯ್ಯನೋರೆ.’
ಅವರು ತಲೆಯೆತ್ತಿ, ಕನ್ನಡಕ ಸರಿಮಾಡಿ ಅಂದರು: ಯೋಬಣ್ಣ.
ಹಾರ ಹಾಕಿದ್ದು ಆಮೇಲೆ,
ಅದೂ ಬಾಡಿದ ಸೇವಂತಿಗೆಯದು.

ಇವತ್ತು ಪೇಂಟರ್ ಮುನಾವರ್ ಬಂದು ಹಲಗೆ ನೋಡಿದ.
‘ಇವ್ರದ್ ಹಿಡೀತದೆ ಮೇಡಂ. ಮುಂದಿನೋರ್ದು?’
ಹಿಂಬದಿಗೆ ಬರೆಯಬಹುದೇನೋ ಎಂದು
ಇಬ್ಬರೂ ಇಳಿಸಿ ತಿರುಗಿಸಿದೆವು.
ಧೂಳು, ಹಲ್ಲಿಯ ಮೊಟ್ಟೆ, ಅದರಡಿ ಸೀಸದಕಡ್ಡಿಯ ಅಕ್ಷರ:
‘ಮಾಡಿದವನು ಬಡಗಿ ಹನೋಕ.
ಕೂಲಿ ಎರಡು ರೂಪಾಯಿ ಎಂಟಾಣೆ ಬರಬೇಕು.’

ಮುನಾವರ್ ಬಟ್ಟೆಯಿಂದ ಒರೆಸಹೋದ; ಕೈ ಹಿಡಿದೆ.
ಮುಂದಿನವರಿಗೆ ಬೇರೆ ಹಲಗೆ ಮಾಡಿಸಿದರಾಯಿತು.
ಮತ್ತೆ ಮೊಳೆಗೆ ಏರಿಸಿದೆವು,
ಹನೋಕನ ಮುಖ ಗೋಡೆಯ ಕಡೆಗೇ.

ವರದಿಯಲ್ಲಿ ಇನ್ನೊಂದು ಖಾನೆ ಉಳಿದಿತ್ತು:
ಸಭೆಯು ತೀರಿಸಬೇಕಾದ ಸಾಲ.
ಪ್ರತಿ ವರ್ಷ ಅಲ್ಲಿ ಗೆರೆ ಎಳೆಯುತ್ತಿದ್ದೆ.
ಈ ಸಲ ಬರೆದೆ: ಎರಡು ರೂಪಾಯಿ ಎಂಟಾಣೆ.
ಆಡಿಟರ್ ಕೇಳಲಿ.